ಹಡಗೇರುವ ದ್ರಾಕ್ಷಿಗೆ ತೋಟದಿಂದಲೇ ತಂಪು

ಹಣ್ಣು, ತರಕಾರಿ, ಮೀನು, ಮಾಂಸ ಇವು ಬೇಗನೆ ಕೆಡುವ ಪದಾರ್ಥಗಳು. ವಿಮಾನದಲ್ಲಿ ಕಳುಹಿಸಿದರೆ ಇವು ಬೇಗ ತಲುಪುತ್ತವೆ, ಆದರೆ ಬಾಡಿಗೆ ಬಹಳ. ಆದ್ದರಿಂದ ದೂರದ ದೇಶಗಳಿಗೆ ಹೋಗುವ ದ್ರಾಕ್ಷಿ, ಬಾಳೆ, ಸೀಗಡಿ ಮುಂತಾದವು ಹೆಚ್ಚಾಗಿ ಸಮುದ್ರ ಮಾರ್ಗದಲ್ಲಿಯೇ ಸಾಗುತ್ತವೆ. ಮುಂಬಯಿ ಬಳಿಯ ನ್ಹಾವಾ ಶೇವಾ ಬಂದರಿನಿಂದ ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಸುಯೆಜ್ ಕಾಲುವೆಯ ಮೂಲಕ ಹೋಗಲು ಸುಮಾರು ಮೂರರಿಂದ ನಾಲ್ಕು ವಾರ ಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದಾಗ ಅನೇಕ ಹಡಗುಗಳು ಆಫ್ರಿಕವನ್ನು ಸುತ್ತಿಕೊಂಡು ಹೋದವು. ಪ್ರಯಾಣ ಹತ್ತು ದಿನಗಳಿಗೂ ಹೆಚ್ಚು ಬೆಳೆಯಿತು.

ಇಷ್ಟು ದಿನ ಹಣ್ಣು ಕೆಡದೆ ಉಳಿಯುವುದು ಹೇಗೆ? ಹಡಗಿನಲ್ಲಿರುವ ಯಂತ್ರವು ಹಣ್ಣನ್ನು ತಂಪು ಮಾಡುತ್ತದೆ ಎಂದು ಅನೇಕ ಬೆಳೆಗಾರರು ಭಾವಿಸಿದ್ದಾರೆ. ಇದು ತಪ್ಪು ತಿಳಿವಳಿಕೆ. ಯಂತ್ರವಿರುವುದು ಮೊದಲೇ ತಂಪಾದ ಹಣ್ಣನ್ನು ಹಾಗೆಯೇ ಕಾಪಾಡುವುದಕ್ಕೆ. ಹಣ್ಣನ್ನು ತಂಪು ಮಾಡುವ ಕೆಲಸ ದಡದ ಮೇಲೆ, ಕೊಯ್ಲಾದ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು.

ಗಾಳಿ ಆಡದಿದ್ದರೆ ತಂಪಿಲ್ಲ

1882ರ ಫೆಬ್ರವರಿ 15ರಂದು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡನೀಡಿನ್’ ಎಂಬ ಹಾಯಿಹಡಗು ಹೆಪ್ಪುಗಟ್ಟಿಸಿದ ಸುಮಾರು 5,000 ಕುರಿಗಳ ಮಾಂಸವನ್ನು ಹೊತ್ತು ಲಂಡನ್ನಿಗೆ ಹೊರಟಿತು. ಉಷ್ಣವಲಯವನ್ನು ದಾಟುವಾಗ ಸರಕಿನ ಕೋಣೆಯಲ್ಲಿ ತಂಪು ಗಾಳಿ ಸರಿಯಾಗಿ ಹರಡುತ್ತಿಲ್ಲವೆಂಬುದು ಗೊತ್ತಾಯಿತು. ಕ್ಯಾಪ್ಟನ್ ಜಾನ್ ವಿಟ್ಸನ್ ಗಾಳಿಯ ಕೊಳವೆಯೊಳಗೆ ತೆವಳಿಕೊಂಡು ಹೋಗಿ ಹೆಚ್ಚಿನ ರಂಧ್ರಗಳನ್ನು ಕೊರೆದರು. ಚಳಿಗೆ ಮರಗಟ್ಟಿದ ಅವರನ್ನು ನಾವಿಕರು ಹಗ್ಗ ಹಿಡಿದು ಹೊರಕ್ಕೆಳೆದರು. 98 ದಿನಗಳ ನಂತರ ಹಡಗು ಲಂಡನ್ ಸೇರಿದಾಗ ಕೆಟ್ಟಿದ್ದದ್ದು ಒಂದೇ ಒಂದು ಕುರಿಯ ಮಾಂಸ. ಯಂತ್ರ ಎಷ್ಟೇ ಬಲವಾಗಿದ್ದರೂ ತಂಪು ಗಾಳಿ ಪ್ರತಿಯೊಂದು ಪದಾರ್ಥಕ್ಕೂ ತಾಗದಿದ್ದರೆ ಪ್ರಯೋಜನವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈಗ ಬಳಕೆಯಲ್ಲಿರುವುದು ರೀಫರ್ ಕಂಟೇನರ್, ಅಂದರೆ ಶೈತ್ಯಯಂತ್ರವನ್ನು ಅಳವಡಿಸಿದ ದೊಡ್ಡ ಲೋಹದ ಪೆಟ್ಟಿಗೆ. ಸಾಮಾನ್ಯವಾಗಿ ಇದರ ಉದ್ದ 40 ಅಡಿ. ಲಾರಿಯ ಮೇಲೆ ಡೀಸೆಲ್ ಜನರೇಟರಿನಿಂದಲೂ, ಹಡಗಿನಲ್ಲಿ ಹಡಗಿನ ವಿದ್ಯುತ್ತಿನಿಂದಲೂ ಯಂತ್ರ ನಡೆಯುತ್ತದೆ. ತಂಪು ಗಾಳಿಯು ನೆಲದ ಕಾಲುವೆಗಳಲ್ಲಿ ಹರಿದು, ಹಣ್ಣಿನ ಡಬ್ಬಿಗಳ ರಂಧ್ರಗಳ ಮೂಲಕ ಮೇಲೇರಿ, ಛಾವಣಿಯ ಕೆಳಗಿನಿಂದ ಯಂತ್ರಕ್ಕೆ ಹಿಂತಿರುಗುತ್ತದೆ. ಗೋಡೆಯ ಮೇಲೆ ಬಳಿದಿರುವ ಕೆಂಪು ಗೆರೆಯನ್ನು ಮೀರಿ ಡಬ್ಬಿಗಳನ್ನು ಪೇರಿಸಿದರೆ ಈ ದಾರಿ ಮುಚ್ಚಿಹೋಗುತ್ತದೆ. ಮೇಲಿನ ಮತ್ತು ಕೆಳಗಿನ ಡಬ್ಬಿಗಳ ರಂಧ್ರಗಳು ಒಂದಕ್ಕೊಂದು ನೇರವಾಗಿ ಕೂರದಿದ್ದರೂ ಇದೇ ತೊಂದರೆ.

ತೋಟದ ಕಾವು

ಕಿತ್ತ ಹಣ್ಣಿಗೂ ಜೀವವಿದೆ. ಅದು ಉಸಿರಾಡುತ್ತಾ ತನ್ನಲ್ಲಿನ ಸಕ್ಕರೆಯನ್ನು ಖರ್ಚು ಮಾಡಿ ಶಾಖವನ್ನು ಹೊರಗೆಡಹುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಂತೆ 0 ಡಿಗ್ರಿಗಿಂತ 30 ಡಿಗ್ರಿ ಸೆಂ. ಉಷ್ಣತೆಯಲ್ಲಿ ಹಣ್ಣು ಕನಿಷ್ಠ ಎಂಟು ಪಟ್ಟು ವೇಗವಾಗಿ ಸವೆಯುತ್ತದೆ. ಬಿಸಿಲಿನಲ್ಲಿ ಕಳೆದ ಒಂದು ಗಂಟೆ ತಂಪಿನಲ್ಲಿ ಕಳೆದ ಎಂಟು ಗಂಟೆಗೆ ಸಮ.

ಒಂದು ಟನ್ ದ್ರಾಕ್ಷಿಯನ್ನು 30 ಡಿಗ್ರಿಯಿಂದ 2 ಡಿಗ್ರಿಗೆ ಇಳಿಸುವಾಗ ಹೊರತೆಗೆಯಬೇಕಾದ ಶಾಖವು ಸುಮಾರು 300 ಕಿಲೋ ಮಂಜುಗಡ್ಡೆಯನ್ನು ಕರಗಿಸಬಲ್ಲದು. ಒಂದು ಕಂಟೇನರಿನಲ್ಲಿ 12 ಟನ್ ಹಣ್ಣಿದ್ದರೆ ಮೂರೂವರೆ ಟನ್ ಮಂಜುಗಡ್ಡೆಗೆ ಸಮನಾದ ಕೆಲಸವಾಯಿತು. ಕಂಟೇನರಿನ ಯಂತ್ರವನ್ನು ಇದಕ್ಕಾಗಿ ರೂಪಿಸಿಲ್ಲ. ಬಿಸಿ ಹಣ್ಣನ್ನು ತುಂಬಿದರೆ ನಡುವಿನ ಡಬ್ಬಿಗಳು ಎಷ್ಟೋ ದಿನ ಬೆಚ್ಚಗೇ ಉಳಿದು ಬೂಷ್ಟು ಹಿಡಿಯುತ್ತವೆ.

ಆದ್ದರಿಂದಲೇ ಪೂರ್ವ ಶೈತ್ಯೀಕರಣ ಅವಶ್ಯಕ. ಪ್ಯಾಕ್‌ಹೌಸಿನಲ್ಲಿ ಫ್ಯಾನುಗಳ ಸಹಾಯದಿಂದ ತಂಪು ಗಾಳಿಯನ್ನು ಡಬ್ಬಿಗಳ ಮೂಲಕ ರಭಸವಾಗಿ ಎಳೆದು, 6ರಿಂದ 8 ಗಂಟೆಗಳಲ್ಲಿ ತಿರುಳಿನ ಉಷ್ಣತೆಯನ್ನು 4 ಡಿಗ್ರಿಗಿಂತ ಕೆಳಕ್ಕೆ ತರಬೇಕು. ಆಮೇಲೆ ಶೈತ್ಯಾಗಾರದಲ್ಲಿ 0 ಡಿಗ್ರಿಯ ಆಸುಪಾಸಿನಲ್ಲಿ ಇರಿಸಬೇಕು.

ದ್ರಾಕ್ಷಿ ಡಬ್ಬಿಯಲ್ಲಿಡುವ ಗಂಧಕದ ಹಾಳೆಗೂ ಇದಕ್ಕೂ ಸಂಬಂಧವಿದೆ. ಈ ಹಾಳೆ ತೇವಾಂಶ ತಾಗಿದಾಗ ಬೂಷ್ಟನ್ನು ತಡೆಯುವ ಗಂಧಕದ ಡೈಆಕ್ಸೈಡ್ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಹಣ್ಣು ಬೆಚ್ಚಗಿದ್ದರೆ ಡಬ್ಬಿಯೊಳಗೆ ನೀರು ಬೆವರಿ ಅನಿಲವೆಲ್ಲ ಒಮ್ಮೆಲೇ ಹೊರಬರುತ್ತದೆ. ಇದರಿಂದ ತೊಟ್ಟಿನ ಬಳಿ ಹಣ್ಣು ಬಿಳುಚಿಕೊಳ್ಳುವುದಲ್ಲದೆ, ಮುಂದಿನ ಪ್ರಯಾಣಕ್ಕೆ ರಕ್ಷಣೆಯೇ ಉಳಿಯುವುದಿಲ್ಲ.

ಎಲ್ಲಕ್ಕೂ ಒಂದೇ ತಂಪಲ್ಲ

ದ್ರಾಕ್ಷಿಗೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿನಿಂದ 0 ಡಿಗ್ರಿಯವರೆಗಿನ ಉಷ್ಣತೆ ಸೂಕ್ತ. ದಾಳಿಂಬೆಗೆ 5ರಿಂದ 7, ಮಾವಿಗೆ 12ರಿಂದ 13, ಪಚ್ಚೆ ಬಾಳೆಗೆ 13ರಿಂದ 14 ಡಿಗ್ರಿ ಬೇಕು. ಬಾಳೆಯನ್ನು ದ್ರಾಕ್ಷಿಯಂತೆ ತಂಪು ಮಾಡಿದರೆ ಸಿಪ್ಪೆ ಕಪ್ಪಾಗಿ, ಸರಿಯಾಗಿ ಹಣ್ಣಾಗುವುದಿಲ್ಲ.

ಹೆಪ್ಪುಗಟ್ಟಿಸಿದ ಮೀನು, ಸೀಗಡಿ, ಮಾಂಸಗಳನ್ನು ಸೊನ್ನೆಗಿಂತ 18 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಸಾಗಿಸುತ್ತಾರೆ. ಇಲ್ಲಿಯೂ ಹೆಪ್ಪುಗಟ್ಟಿಸುವ ಕೆಲಸ ದಡದ ಕಾರ್ಖಾನೆಯಲ್ಲಿ ವೇಗವಾಗಿ ಆಗಬೇಕು. ನಿಧಾನವಾದರೆ ದೊಡ್ಡ ಮಂಜಿನ ಹರಳುಗಳು ಮೂಡಿ ಜೀವಕೋಶಗಳನ್ನು ಸೀಳುತ್ತವೆ. ಕರಗಿಸಿದಾಗ ರಸ ಸೋರುತ್ತದೆ. ಈ ತಂಪಿನಲ್ಲಿ ಸೂಕ್ಷ್ಮಜೀವಿಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವೆಲ್ಲವೂ ಸಾಯುವುದಿಲ್ಲ.

ಬೆಳೆಗಾರರು ಅನುಸರಿಸಬೇಕಾದ ಕ್ರಮಗಳು

1. ದ್ರಾಕ್ಷಿ ಕಿತ್ತ ಮೇಲೆ ಸಿಹಿಯಾಗುವುದಿಲ್ಲ. ಖರೀದಿದಾರರು ಕೇಳಿದ ಸಕ್ಕರೆಯ ಅಂಶ ಬಂದ ಮೇಲೆಯೇ ಕೊಯ್ಲು ಮಾಡಿ.

2. ಇಬ್ಬನಿ ಆರಿದ ಕೂಡಲೇ ಕೊಯ್ಲು ಆರಂಭಿಸಿ, ಬಿಸಿಲೇರುವ ಮೊದಲು ನಿಲ್ಲಿಸಿ. ಒದ್ದೆ ಗೊಂಚಲುಗಳನ್ನು ಕೀಳಬೇಡಿ.

3. ಗೊಂಚಲನ್ನು ತೊಟ್ಟಿನಲ್ಲಿ ಹಿಡಿಯಿರಿ. ಹಣ್ಣಿನ ಮೇಲಿನ ಬಿಳಿಯ ಮೇಣದ ಪದರ ಅಳಿಸಬಾರದು. ಒಡೆದ ಒಂದು ಹಣ್ಣು ಇಡೀ ಡಬ್ಬಿಗೆ ಬೂಷ್ಟು ಹರಡಬಲ್ಲದು.

4. ತುಂಬಿದ ಕ್ರೇಟುಗಳನ್ನು ನೆರಳಿನಲ್ಲಿಟ್ಟು, ಸಂಜೆಯವರೆಗೆ ಕಾಯದೆ ಪ್ಯಾಕ್‌ಹೌಸಿಗೆ ಕಳುಹಿಸಿ.

5. ತಂಪಾದ ಹಣ್ಣನ್ನು ಮತ್ತೆ ಬಿಸಿ ಗಾಳಿಗೆ ಒಡ್ಡಬಾರದು. ಶೈತ್ಯಾಗಾರದ ಬಾಗಿಲಿಗೇ ಕಂಟೇನರ್ ಬಂದು ನಿಲ್ಲುವಂತಿರಬೇಕು.

ನಷ್ಟ ಯಾರಿಗೆ?

ಹಲವು ಬೆಳೆಗಾರರ ಹಣ್ಣು ಒಂದೇ ಕಂಟೇನರಿನಲ್ಲಿ ಹೋಗುವುದುಂಟು. ಒಬ್ಬರ ಬಿಸಿ ಡಬ್ಬಿಗಳು ಪಕ್ಕದವರ ತಂಪು ಹಣ್ಣನ್ನೂ ಕೆಡಿಸುತ್ತವೆ. ಅಲ್ಲಿ ಬೆಲೆ ಕಡಿತವಾದರೆ ಕೊರತೆ ತೋಟಕ್ಕೇ ಬಂದು ಮುಟ್ಟಬಹುದು. ಹಾಗಾಗಿ ಕರಾರಿಗೆ ಸಹಿ ಹಾಕುವ ಮೊದಲು, ದಾರಿಯಲ್ಲಿ ಹಣ್ಣು ಕೆಟ್ಟರೆ ನಷ್ಟ ಯಾರದೆಂಬುದನ್ನು ಓದಿ ತಿಳಿಯಬೇಕು. ಕಂಟೇನರಿಗೆ ತುಂಬುವಾಗ ತಿರುಳಿನ ಉಷ್ಣತೆಯನ್ನು ನಿಮ್ಮೆದುರಿಗೇ ಅಳೆಯಿಸಿ, ಬರೆಸಿ, ಪ್ರತಿಯನ್ನು ಇಟ್ಟುಕೊಳ್ಳಿ. ಡಬ್ಬಿಗಳ ನಡುವೆ ಉಷ್ಣತೆಯನ್ನು ದಾಖಲಿಸುವ ಸಣ್ಣ ಉಪಕರಣವನ್ನು ಇಡುವಂತೆಯೂ ಕೇಳಿ. ಹಣ್ಣು ತೋಟದಲ್ಲಿ ಕೆಟ್ಟಿತೋ, ದಾರಿಯಲ್ಲಿ ಕೆಟ್ಟಿತೋ ಎಂಬ ವಾದ ಬಂದಾಗ ಬೆಳೆಗಾರರ ಕೈಯಲ್ಲಿರುವ ಸಾಕ್ಷಿ ಇವೆರಡೇ.

ತಂಪಿನಿಂದ ಸರಿಪಡಿಸಲಾಗದ ದೋಷಗಳೂ ಇವೆ. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಶೇಷಾಂಶ ಮಿತಿ ಮೀರಿದ್ದರಿಂದ ಭಾರತದ ದ್ರಾಕ್ಷಿಯನ್ನು ಯೂರೋಪಿನಲ್ಲಿ ತಿರಸ್ಕರಿಸಲಾಯಿತು. ಸಿಂಪರಣೆಯ ದಿನಾಂಕಗಳನ್ನು ತಪ್ಪದೆ ಬರೆದಿಡಬೇಕು.

ನಮ್ಮ ದೇಶದಿಂದ ರಫ್ತಾಗುವ ದ್ರಾಕ್ಷಿಯಲ್ಲಿ ಹೆಚ್ಚಿನ ಪಾಲು ಮಹಾರಾಷ್ಟ್ರದ ನಾಸಿಕ ಭಾಗದ್ದು. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರು ಈ ಕೆಲಸಕ್ಕೆ ಕೈಹಾಕುವ ಮುನ್ನ, ಕೊಯ್ದ ಕೆಲವೇ ಗಂಟೆಗಳಲ್ಲಿ ತಲುಪಬಹುದಾದ ಪೂರ್ವ ಶೈತ್ಯೀಕರಣ ಘಟಕ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲವಾದಲ್ಲಿ ಆ ವರ್ಷದ ಹಣ್ಣನ್ನು ಒಣದ್ರಾಕ್ಷಿ ಮಾಡುವುದು ಅಥವಾ ಹತ್ತಿರದ ಪೇಟೆಯಲ್ಲಿ ಮಾರುವುದೇ ಕ್ಷೇಮ.