ಕೈಯಾರೆ ಮಾಡಿದ ಉಂಗುರ

ನಮ್ಮ ಮದುವೆಗಳಲ್ಲಿ ತಾಳಿಗೆ ಯಾವ ಸ್ಥಾನವುಂಟೋ ಪಾಶ್ಚಾತ್ಯ ದೇಶಗಳ ಮದುವೆಗಳಲ್ಲಿ ಉಂಗುರಕ್ಕೆ ಆ ಸ್ಥಾನವುಂಟು. ರೋಮನರಲ್ಲಿ ವಧುವಿಗೆ ಕಬ್ಬಿಣದ ಉಂಗುರವನ್ನು ಕಳುಹಿಸುವ ವಾಡಿಕೆಯಿದ್ದಿತೆಂದು ಒಂದನೆಯ ಶತಮಾನದ ಲೇಖಕನಾದ ಪ್ಲಿನಿ ಬರೆದಿದ್ದಾನೆ. ಕಾಲ ಕಳೆದಂತೆ ಕಬ್ಬಿಣ ಹೋಗಿ ಚಿನ್ನ ಬಂದಿತು. ಬಹುಮಟ್ಟಿಗೆ ವಧುವಿನ ಬೆರಳಿಗೇ ಮೀಸಲಾಗಿದ್ದ ಉಂಗುರವನ್ನು ಇಪ್ಪತ್ತನೆಯ ಶತಮಾನದಲ್ಲಿ ವರನೂ ಧರಿಸತೊಡಗಿದನು. ಆದರೆ ಉಂಗುರವನ್ನು ಮಾಡುವವನು ಅಕ್ಕಸಾಲೆ, ಕೊಳ್ಳುವವರು ವಧೂವರರು ಎಂಬ ಏರ್ಪಾಡು ಮಾತ್ರ ಹಾಗೆಯೇ ಉಳಿದಿತ್ತು. ಈಚೆಗೆ ಅದೂ ಸ್ವಲ್ಪ ಸಡಿಲಿದೆ. ಅಕ್ಕಸಾಲೆಯ ಪಕ್ಕದಲ್ಲಿ ಕುಳಿತು, ಅವನು ಹೇಳಿಕೊಟ್ಟಂತೆ ಕೇಳಿ, ತಮ್ಮ ಮದುವೆಯ ಉಂಗುರಗಳನ್ನು ತಾವೇ ಮಾಡಿಕೊಳ್ಳುವ ಜೋಡಿಗಳು ಇಂಗ್ಲೆಂಡಿನಲ್ಲಿಯೂ ಜಪಾನಿನಲ್ಲಿಯೂ ಇದ್ದಾರೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಒಡವೆ ಕೆಲಸದವರ ದೊಡ್ಡ ಕೇರಿಯೊಂದುಂಟು. ಅಲ್ಲಿನ ವಿಟ್ಟೋರಿಯಾ ಬೀದಿಯಲ್ಲಿ ಈ ವಿದ್ಯೆಯನ್ನು ಕಲಿಸುವ ಶಾಲೆಯು 1890ರಲ್ಲಿ ತೊಡಗಿತು. ಈ ಕೇರಿಯ ಕೆಲವು ಕಾರ್ಯಾಗಾರಗಳು ಇಂಥ ಜೋಡಿಗಳಿಗೆ ಒಂದು ದಿನದ ಮಟ್ಟಿಗೆ ತಮ್ಮ ಮೇಜನ್ನೂ ಉಪಕರಣಗಳನ್ನೂ ಬಿಟ್ಟುಕೊಡುತ್ತವೆ. ಅನೇಕ ಜೋಡಿಗಳಲ್ಲಿ ವರನು ವಧುವಿನ ಉಂಗುರವನ್ನೂ ವಧುವು ವರನ ಉಂಗುರವನ್ನೂ ಮಾಡುತ್ತಾರೆ.

ಮೊದಲ ಕೆಲಸ ಲೆಕ್ಕದ್ದು. ಬೆರಳಿನ ಅಳತೆಯನ್ನು ತೆಗೆದುಕೊಂಡು ಚಿನ್ನದ ಪಟ್ಟಿಯನ್ನು ಎಷ್ಟು ಉದ್ದಕ್ಕೆ ಕತ್ತರಿಸಬೇಕೆಂಬುದನ್ನು ನಿರ್ಧರಿಸಬೇಕು. ಉಂಗುರದ ಒಳವ್ಯಾಸ 18 ಮಿಲಿಮೀಟರ್ ಇರಬೇಕು, ಪಟ್ಟಿಯ ದಪ್ಪ 1.5 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. 18ನ್ನು 3.14ರಿಂದ ಗುಣಿಸಿದರೆ ಸಾಕೆಂದು ತೋರಬಹುದು. ಹಾಗೆ ಮಾಡಿದರೆ ಉಂಗುರ ಬೆರಳಿಗೆ ಏರದು. ಪಟ್ಟಿಯನ್ನು ಬಾಗಿಸಿದಾಗ ಅದರ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಉದ್ದ ಬದಲಾಗದಿರುವುದು ನಡುವಿನ ಪದರ ಮಾತ್ರ. ಆದುದರಿಂದ ವ್ಯಾಸಕ್ಕೆ ದಪ್ಪವನ್ನು ಕೂಡಿಸಿ, 19.5ನ್ನು ಗುಣಿಸಬೇಕು. ಆಗ ಸುಮಾರು 61.2 ಮಿಲಿಮೀಟರ್ ದೊರೆಯುತ್ತದೆ. ಪರಿಧಿಯ ಸೂತ್ರವನ್ನು ಬಾಯಿಪಾಠ ಮಾಡಿ ಮರೆತವರಿಗೆ ಅದರ ಬೆಲೆ ಇಲ್ಲಿ ತಿಳಿಯುತ್ತದೆ.

ಮುಂದಿನ ಕೆಲಸ ಬೆಂಕಿಯದು. ಚಿನ್ನ ಮೃದುವಾದ ಲೋಹವೆಂಬುದು ನಿಜ. ಆದರೆ ಅಲ್ಲಿ ಉಂಗುರಕ್ಕೆ ಬಳಸುವ 18 ಕ್ಯಾರಟ್ ಚಿನ್ನದಲ್ಲಿ ನೂರಕ್ಕೆ 75 ಭಾಗ ಮಾತ್ರ ಚಿನ್ನ, ಉಳಿದದ್ದು ಬೆಳ್ಳಿ, ತಾಮ್ರ ಮೊದಲಾದ ಲೋಹಗಳು. ಇದನ್ನು ಬಡಿದಷ್ಟೂ ಬಾಗಿಸಿದಷ್ಟೂ ಅದು ಗಡುಸಾಗುತ್ತ ಹೋಗುತ್ತದೆ. ಲೋಹದೊಳಗಿನ ಸೂಕ್ಷ್ಮ ಹರಳುಗಳು ಪೆಟ್ಟಿಗೆ ಸಿಕ್ಕಿ ವಿಕಾರಗೊಂಡು, ಒಂದರ ಮೇಲೊಂದು ಜಾರದಂತಾಗುವುದೇ ಇದಕ್ಕೆ ಕಾರಣ. ಆಮೇಲೂ ಬಲವಂತ ಮಾಡಿದರೆ ಪಟ್ಟಿ ಸೀಳುತ್ತದೆ. ಅದನ್ನು ಮಂದವಾದ ಕೆಂಪು ಬರುವವರೆಗೆ ಕಾಯಿಸಿದರೆ ಒಳಗೆ ಹೊಸ ಹರಳುಗಳು ಮೂಡಿ ಲೋಹ ಮತ್ತೆ ಮಣಿಯುತ್ತದೆ. ಹೀಗೆ ಬಡಿಯುವುದು, ಕಾಯಿಸುವುದು, ಮತ್ತೆ ಬಡಿಯುವುದು. ಯಾವಾಗ ನಿಲ್ಲಿಸಬೇಕೆಂಬುದನ್ನು ಅಕ್ಕಸಾಲೆಯು ಪೆಟ್ಟಿನ ಸದ್ದಿನಿಂದಲೇ ತಿಳಿಯುತ್ತಾನೆ. ಹೊಸಬರಿಗೆ ಆ ಕಿವಿ ಒಂದು ದಿನದಲ್ಲಿ ಬರುವಂಥದಲ್ಲ.

ಬಾಗಿಸಿದ ಪಟ್ಟಿಯ ಎರಡು ತುದಿಗಳನ್ನು ಸೇರಿಸುವ ಘಳಿಗೆಯೇ ಇಡೀ ಕೆಲಸದ ಮರ್ಮ. ತುದಿಗಳ ನಡುವೆ ಬೆಳಕು ಕಾಣದಂತೆ ಅವನ್ನು ಅರದಿಂದ ಉಜ್ಜಿ ಕೂಡಿಸಬೇಕು. ಬೆಸುಗೆಯು ಗಾರೆಯಂತೆ ಬಿರುಕನ್ನು ತುಂಬುವುದಿಲ್ಲ. ಇಕ್ಕಟ್ಟಾದ ಸಂದಿನಲ್ಲಿ ಮಾತ್ರ ತಾನಾಗಿ ಹರಿಯುತ್ತದೆ. ಸಂದಿಗೆ ಬಿಳಿಗಾರದ ಲೇಪವನ್ನು ಹಚ್ಚಿ, ಬೆಸುಗೆಯ ಸಣ್ಣ ಚೂರನ್ನಿಟ್ಟು ಜ್ವಾಲೆಯನ್ನು ಹಿಡಿಯುತ್ತಾರೆ. ಬೆಸುಗೆ ಕರಗುವ ಶಾಖಕ್ಕೂ ಉಂಗುರವೇ ಕರಗುವ ಶಾಖಕ್ಕೂ ನಡುವಣ ಅಂತರ ದೊಡ್ಡದಲ್ಲ. ಜ್ವಾಲೆಯನ್ನು ಒಂದೇ ಕಡೆ ಹಿಡಿದರೆ, ಅಥವಾ ಕೆಲವು ಕ್ಷಣ ಹೆಚ್ಚಾಗಿ ಹಿಡಿದರೆ, ಬೆಳಗಿನಿಂದ ದುಡಿದು ಮಾಡಿದ ಉಂಗುರ ಕುಸಿದು ಮುದ್ದೆಯಾದೀತು. ಚಿನ್ನವೇನೋ ಉಳಿಯುತ್ತದೆ, ಆದರೆ ಎಲ್ಲವನ್ನೂ ಮೊದಲಿನಿಂದ ತೊಡಗಬೇಕು.

ಗುರುವಿನ ಪರೀಕ್ಷೆ ನಡೆಯುವುದೂ ಇಲ್ಲಿಯೇ. ಜ್ವಾಲೆಯನ್ನು ತಾನೇ ಕಸಿದುಕೊಂಡರೆ ಉಂಗುರ ಖಂಡಿತವಾಗಿ ಉಳಿಯುತ್ತದೆ; ಆದರೆ ಆಗ ಅದು ಅಕ್ಕಸಾಲೆ ಮಾಡಿದ ಉಂಗುರವಾಗುತ್ತದೆ. ಒಳ್ಳೆಯ ಅಕ್ಕಸಾಲೆಯು ಕೊನೆಯ ಗಳಿಗೆಯವರೆಗೂ ಮಾತಿನಲ್ಲಿಯೇ ನಡೆಸುತ್ತಾನೆ. ಬೆಸುಗೆಯು ಮಿಂಚಿನ ಗೆರೆಯಂತೆ ಹೊಳೆದು ಸಂದಿನೊಳಗೆ ಇಳಿದೊಡನೆ ಜ್ವಾಲೆಯನ್ನು ತೆಗೆಯಹೇಳುತ್ತಾನೆ.

ಕರಿಕಾದ ಉಂಗುರವನ್ನು ಬೆಚ್ಚಗಿನ ಸೌಮ್ಯ ಆಮ್ಲದಲ್ಲಿ ಅದ್ದಿ ಶುದ್ಧಿಮಾಡುತ್ತಾರೆ. ಅದನ್ನು ಕಬ್ಬಿಣದ ಇಕ್ಕಳದಿಂದ ತೆಗೆಯಬಾರದು. ಆಮ್ಲದಲ್ಲಿ ಕರಗಿರುವ ತಾಮ್ರವು ಕಬ್ಬಿಣದ ಸಂಪರ್ಕವಾದೊಡನೆ ಉಂಗುರದ ಮೇಲೆ ಕೆಂಪಗೆ ಕೂರುತ್ತದೆ. ಆಮೇಲೆ ಉಂಗುರವನ್ನು ಉಕ್ಕಿನ ಕೋಲಿಗೆ ತೊಡಿಸಿ, ಮರದ ಕೊಡತಿಯಿಂದ ತಟ್ಟಿ ದುಂಡಗೆ ಮಾಡಿ, ಉಜ್ಜಿ ಹೊಳಪು ಕೊಡುತ್ತಾರೆ. ಮೇಜಿನ ಕೆಳಗೆ ಕಟ್ಟಿರುವ ತೊಗಲಿನಲ್ಲಿ ಅರದ ಪುಡಿಯೆಲ್ಲ ಬೀಳುತ್ತದೆ. ಅದರಲ್ಲಿ ಒಂದು ಕಣವನ್ನೂ ಚೆಲ್ಲುವುದಿಲ್ಲ.

ಒಂದು ದಿನ ಸುತ್ತಿಗೆ ಹಿಡಿದವರು ಅಕ್ಕಸಾಲೆಗಳಾಗುವರೆ ಎಂದು ಆಕ್ಷೇಪಿಸುವವರು ಉಂಟು. ಲಂಡನ್ನಿನಲ್ಲಿ ಈ ವಿದ್ಯೆಗೆ ಏಳು ವರ್ಷಗಳ ಶಿಷ್ಯವೃತ್ತಿಯನ್ನು ವಿಧಿಸಿದ್ದ ಕಾಲವಿತ್ತು. ಆದುದರಿಂದ ಆ ಮಾತು ನ್ಯಾಯವೇ. ಆದರೆ ತಾವು ಅಕ್ಕಸಾಲೆಗಳಲ್ಲವೆಂಬುದನ್ನು ಆ ಜೋಡಿಗಳಷ್ಟು ಸ್ಪಷ್ಟವಾಗಿ ಅರಿತವರು ಬೇರೆ ಇರಲಾರರು. ಅಂಗಡಿಯ ಗಾಜಿನ ಹಿಂದಿರುವ ಉಂಗುರವನ್ನು ನೋಡಿ ತೂಕವನ್ನೂ ಬೆಲೆಯನ್ನೂ ಕೇಳುವವನಿಗೆ ಕಾಣದ ಶ್ರಮ ಅವರಿಗೆ ಕಂಡಿರುತ್ತದೆ.

ಕೈಯಾರೆ ಮಾಡಿದ್ದೆಂಬ ಮಾತ್ರಕ್ಕೆ ಚಿನ್ನದ ಶುದ್ಧತೆಯನ್ನು ನಂಬಿಬಿಡುವ ಪದ್ಧತಿ ಅಲ್ಲಿಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಚಿನ್ನಬೆಳ್ಳಿಗಳ ಪರೀಕ್ಷಾಲಯವು 1773ರಲ್ಲಿ ಸ್ಥಾಪನೆಯಾಯಿತು. ಒಂದು ಗ್ರಾಮಿಗಿಂತ ಹೆಚ್ಚು ತೂಗುವ ಒಡವೆಯನ್ನು ಚಿನ್ನವೆಂದು ಹೇಳಿ ಮಾರಬೇಕಾದರೆ ಬ್ರಿಟನ್ನಿನ ಕಾನೂನಿನಂತೆ ಅದಕ್ಕೆ ಇಂಥ ಪರೀಕ್ಷಾಲಯದ ಮುದ್ರೆ ಬೇಕು. ನಮ್ಮ ದೇಶದಲ್ಲಿ ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಮುದ್ರೆಯು 2000ದಲ್ಲಿ ಬಂದು, 2021ರಿಂದ ಹಂತಹಂತವಾಗಿ ಕಡ್ಡಾಯವಾಗಿದೆ. ಲಂಡನ್ನಿನ ಅಕ್ಕಸಾಲೆಗಳ ಸಂಘದ ಸಭಾಭವನವಾದ ‘ಹಾಲ್’ನಲ್ಲಿ ಒತ್ತುತ್ತಿದ್ದ ಗುರುತಾದುದರಿಂದ ಅದಕ್ಕೆ ಆ ಹೆಸರು ಬಂದಿತು.

ಜೋಡಿಗಳು ಮಾಡಿದ ಉಂಗುರದ ಒಳಮೈಯಲ್ಲಿ ಮುಖ್ಯವಾಗಿ ಮೂರು ಮುದ್ರೆಗಳು ಬೀಳುತ್ತವೆ: ಶುದ್ಧತೆಯನ್ನು ತಿಳಿಸುವ 750 ಎಂಬ ಅಂಕಿ, ಬರ್ಮಿಂಗ್‌ಹ್ಯಾಮಿನ ಗುರುತಾದ ಲಂಗರು, ಪರೀಕ್ಷೆಗೆ ಒಪ್ಪಿಸಿದ ಅಕ್ಕಸಾಲೆಯ ಹೆಸರಿನ ಮೊದಲಕ್ಷರಗಳು. ಅದನ್ನು ಮಾಡಿದ ವಧುವಿನ ಅಥವಾ ವರನ ಹೆಸರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. ಬೆಳಕಿಗೆ ಹಿಡಿದು ಹುಡುಕಿದರೆ ಬೆಸುಗೆಯ ಕೂದಲೆಳೆಯಷ್ಟು ಸಣ್ಣ ಗೆರೆ ಕೆಲವೊಮ್ಮೆ ಕಾಣುತ್ತದೆ; ಅದು ಎಲ್ಲಿದೆಯೆಂಬುದು ಮಾಡಿದವರಿಗೆ ಗೊತ್ತಿರುತ್ತದೆ.