ನಕ್ಷೆಯಲ್ಲಿ ಪುಟ್ಟದು, ರಸ್ತೆಯಲ್ಲಿ ಅಲ್ಲ!

ಸ್ಲೊವೇನಿಯಾ ಅಂದ್ರೆ ನಮ್ಮ ಕರ್ನಾಟಕದ ಒಂಬತ್ತನೇ ಒಂದು ಭಾಗವೂ ಇಲ್ಲ. ಬ್ಲೆಡ್ ಸರೋವರ, ಆಲ್ಪ್ಸ್, ಪಿರಾನ್ ಕಡಲತೀರ ಮೂರೇ ದಿನದಲ್ಲಿ ಮುಗಿಸೋಣ ಅಂತ ಎಕ್ಸೆಲ್ ಶೀಟ್ ಮಾಡಿದ್ದೆ. ಬಾಡಿಗೆ ಕಾರು, ಜೊತೆಗೆ ಅಮ್ಮ.

ವರ್ಶಿಚ್ ಘಾಟಿಯಲ್ಲಿ ಲೆಕ್ಕ ತಪ್ಪಿತು. 1,611 ಮೀಟರ್ ಎತ್ತರ, ಹತ್ತಿ ಇಳಿಯಲು 50 ಹೇರ್‌ಪಿನ್ ತಿರುವು. ಎಂಟನೇ ತಿರುವಿಗೇ ಅಮ್ಮ, "ತಲೆ ಸುತ್ತುತ್ತೆ ಕಣೋ, ನಿಲ್ಸು" ಅಂದ್ರು. ಅಲ್ಲೇ ಹತ್ತಿರದಲ್ಲಿ ಮರದ ಪುಟ್ಟ ರಷ್ಯನ್ ಚರ್ಚ್. ಮೊದಲ ಮಹಾಯುದ್ಧದಲ್ಲಿ ಈ ರಸ್ತೆ ಮಾಡಿದ್ದು ರಷ್ಯನ್ ಕೈದಿಗಳು; 1916ರಲ್ಲಿ ಹಿಮ ಕುಸಿದು ಸತ್ತವರ ನೆನಪಿಗೆ ಅದನ್ನು ಕಟ್ಟಿದರು. ಅಮ್ಮ ಕೈಮುಗಿದು ಸುಮ್ಮನೆ ಕೂತರು. ನಾನು ಪಿರಾನ್ ಕೈಬಿಟ್ಟೆ.

ನೀವು ಹೊರಟರೆ ಕಿಲೋಮೀಟರ್ ಅಲ್ಲ, ಗಂಟೆ ಲೆಕ್ಕ ಹಾಕಿ. ದಿನಕ್ಕೆ ಒಂದೇ ಘಾಟಿ ಸಾಕು. ಚಳಿಗಾಲದಲ್ಲಿ ಹಿಮ ಬಿದ್ದರೆ ವರ್ಶಿಚ್ ಮುಚ್ಚುತ್ತೆ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಲ್ಲಿಂದಲೇ ಮಾಡಿಸಿಕೊಳ್ಳಿ. ಹೆದ್ದಾರಿಗೆ ಬೇಕಾದ ಇ-ವಿನ್ಯೆಟ್ ಕಾರಿಗೆ ಇದೆಯಾ ಕೇಳಿ. ಅಲ್ಲಿ ಬಲಗಡೆ ಓಡಿಸಬೇಕು, ಮರೀಬೇಡಿ.

ಆಲ್ಬಮ್‌ನಲ್ಲಿ ಕಡಲಿಲ್ಲ. ಅಮ್ಮ ಮಾತ್ರ ಇವತ್ತಿಗೂ ಹೇಳೋದು ಆ ಚರ್ಚ್ ಕಥೆಯನ್ನೇ.