ಹಳೆಯ ಕಾರು ನಡುದಾರಿಯಲ್ಲಿ ಏಕೆ ನಿಲ್ಲುತ್ತದೆ?

ಹಳೆಯ ಕಾರನ್ನು ಕೊಂಡವರ ಮನೆಯಲ್ಲಿ ‘ನಿನ್ನೆ ಚೆನ್ನಾಗಿಯೇ ಓಡಿತ್ತಲ್ಲ!’ ಎಂಬ ಮಾತು ಆಗಾಗ ಕೇಳಿಬರುವುದುಂಟು. ಮದುವೆಗೆ ಹೊರಟ ದಿನವೋ, ಪರೀಕ್ಷೆಯ ಬೆಳಗ್ಗೆಯೋ, ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದ ರಾತ್ರಿಯೋ ಅದು ಮೊಂಡು ಹಿಡಿದು ನಿಲ್ಲುತ್ತದೆ. ಮನೆಯ ಹಿರಿಯರು ಇದನ್ನು ಗ್ರಹಚಾರವೆಂದು ಬಗೆದು ಚಕ್ರದ ಕೆಳಗೆ ನಿಂಬೆಯ ಹಣ್ಣನ್ನು ಇಡುತ್ತಾರೆ. ನಿಂಬೆಯ ಹಣ್ಣಿನ ವಿಷಯದಲ್ಲಿ ನಮಗೆ ತಕರಾರಿಲ್ಲ. ಆದರೆ ಕಾರು ನಿಲ್ಲುವುದಕ್ಕೆ ಗಣಿತದಲ್ಲಿಯೂ ಭೌತಶಾಸ್ತ್ರದಲ್ಲಿಯೂ ತಕ್ಕ ಕಾರಣಗಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ವಿಚಾರಿಸೋಣ.

ಮೊದಲು ಗಣಿತ. ಕಾರು ಓಡಬೇಕಾದರೆ ನೂರು ಭಾಗಗಳು ಏಕಕಾಲದಲ್ಲಿ ಸರಿಯಾಗಿ ಕೆಲಸ ಮಾಡಬೇಕೆಂದು ಇಟ್ಟುಕೊಳ್ಳಿ. ಕಾರು ಹೊಸದಾಗಿದ್ದಾಗ ಪ್ರತಿಯೊಂದು ಭಾಗವೂ ೧೦,೦೦೦ ಪ್ರಯಾಣಗಳಲ್ಲಿ ಒಂದು ಸಲ ಮಾತ್ರ ಕೈಕೊಡುತ್ತದೆ ಎಂದಾದರೆ, ನೂರು ಭಾಗಗಳೂ ಒಟ್ಟಿಗೆ ಸರಿಯಾಗಿರುವ ಸಂಭವನೀಯತೆಯನ್ನು ಪಡೆಯಲು ೦.೯೯೯೯ನ್ನು ಅದರಿಂದಲೇ ನೂರು ಬಾರಿ ಗುಣಿಸಬೇಕು. ಉತ್ತರ ಸುಮಾರು ೦.೯೯. ನೂರು ಪ್ರಯಾಣಗಳಲ್ಲಿ ೯೯ ನಿರ್ವಿಘ್ನವಾಗಿ ಸಾಗುತ್ತವೆ. ಇನ್ನು ಕಾರು ಹಳೆಯದಾಗಿ, ಪ್ರತಿಯೊಂದು ಭಾಗವೂ ೧೦೦ ಪ್ರಯಾಣಗಳಲ್ಲಿ ಒಂದು ಸಲ ಕೈಕೊಡುವಂತಾಯಿತೆನ್ನೋಣ. ಬಿಡಿಬಿಡಿಯಾಗಿ ನೋಡಿದರೆ ಯಾವ ಭಾಗವನ್ನೂ ಕೆಟ್ಟದ್ದೆಂದು ಹೇಳುವಂತಿಲ್ಲ. ನೂರಕ್ಕೆ ೯೯ ಅಂಕ ಪಡೆದ ವಿದ್ಯಾರ್ಥಿಯನ್ನು ದಡ್ಡನೆನ್ನುವವರಾರು? ಆದರೆ ೦.೯೯ನ್ನು ನೂರು ಬಾರಿ ಗುಣಿಸಿದರೆ ದೊರೆಯುವುದು ಸುಮಾರು ೦.೩೭. ಮೂರು ಪ್ರಯಾಣಗಳಲ್ಲಿ ಎರಡರಷ್ಟು ಏನಾದರೊಂದು ವಿಘ್ನದಲ್ಲಿ ಮುಗಿಯುತ್ತವೆ! ಹಳೆಯ ಕಾರಿನ ಒಡೆಯರು ಒಂದು ಭಾಗವನ್ನು ಬದಲಾಯಿಸಿದ ಮರುವಾರವೇ ಬೇರೊಂದರ ಮುಂದೆ ಕೈಕಟ್ಟಿ ನಿಲ್ಲಬೇಕಾಗುವುದು ಈ ಗುಣಾಕಾರದಿಂದಲೇ.

ನಮ್ಮ ದೇಶದಲ್ಲಿ ಕುಟುಂಬದ ಕಾರೆಂದರೆ ಬಹುಕಾಲ ಎರಡು ಹೆಸರುಗಳೇ ಮುಖ್ಯವಾಗಿದ್ದುವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ತಂದು ಹಿಂದುಸ್ತಾನ್ ಮೋಟರ್ಸ್ ಕಂಪನಿಯವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ೧೯೫೦ರ ದಶಕದ ಕೊನೆಯಲ್ಲಿ ಅಂಬಾಸಿಡರನ್ನು ತಯಾರಿಸಲು ತೊಡಗಿದರು. ೨೦೧೪ರಲ್ಲಿ ಅದರ ತಯಾರಿಕೆ ನಿಂತಿತು. ಇಟಲಿಯ ಫಿಯೆಟ್ ೧೧೦೦ರ ಮಾದರಿಯ ಕಾರು ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ಇಂದು ಇವುಗಳಲ್ಲಿ ಯಾವುದನ್ನು ಕೊಂಡರೂ ಅದು ಪರರ ಕೈದಾಟಿ ಬಂದ ಹಳೆಯ ಕಾರೇ. ವಿದ್ಯಾರ್ಥಿಗಳ ದೃಷ್ಟಿಯಿಂದ ಇವುಗಳಲ್ಲಿ ಒಂದು ದೊಡ್ಡ ಗುಣವುಂಟು. ಹಳೆಯ ಪೆಟ್ರೋಲ್ ಎಂಜಿನಿನ ಮುಚ್ಚಳವನ್ನೆತ್ತಿದರೆ ಗಣಕಯಂತ್ರವಾಗಲಿ ಮೊಹರಾದ ಪೆಟ್ಟಿಗೆಯಾಗಲಿ ಕಾಣದು. ಪಠ್ಯಪುಸ್ತಕದಲ್ಲಿ ಓದಿದ ತತ್ತ್ವಗಳೆಲ್ಲ ಕೈಗೆ ನಿಲುಕುವಂತೆ ಅಲ್ಲಿ ಕುಳಿತಿರುತ್ತವೆ.

ಇಂಥ ಎಂಜಿನು ನಡೆಯಲು ಮೂರು ವಸ್ತುಗಳು ಬೇಕು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಆ ಮಿಶ್ರಣವನ್ನು ಅದುಮುವ ಒತ್ತಡ, ಮತ್ತು ತಕ್ಕ ಕ್ಷಣದಲ್ಲಿ ಒಂದು ಕಿಡಿ. ಇವುಗಳಲ್ಲಿ ಕಿಡಿಯ ಕತೆ ಅತ್ಯಂತ ಸ್ವಾರಸ್ಯವಾದುದು. ಕಾರಿನ ಬ್ಯಾಟರಿಯಲ್ಲಿರುವುದು ೧೨ ವೋಲ್ಟು. ಒತ್ತಡಕ್ಕೊಳಗಾದ ಅನಿಲದ ಮೂಲಕ ಕಿಡಿ ಹಾರಬೇಕಾದರೆ ಹತ್ತು ಹದಿನೈದು ಸಾವಿರ ವೋಲ್ಟು ಬೇಕು. ಈ ಅಂತರವನ್ನು ದಾಟಿಸುವುದು ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮ. ಇಗ್ನಿಷನ್ ಕಾಯಿಲಿನಲ್ಲಿ ಕಬ್ಬಿಣದ ತಿರುಳಿನ ಸುತ್ತ ದಪ್ಪ ತಂತಿಯ ಕೆಲವು ನೂರು ಸುತ್ತುಗಳೂ, ಕೂದಲಿನಂಥ ಸಣ್ಣ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ದಪ್ಪ ತಂತಿಯಲ್ಲಿ ಹರಿಯುವ ಪ್ರವಾಹವನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿದು, ಸಣ್ಣ ತಂತಿಯಲ್ಲಿ ಅಧಿಕ ವೋಲ್ಟೇಜು ಹುಟ್ಟುತ್ತದೆ. ಹೀಗೆ ಕಡಿಯುವ ಕೆಲಸ ‘ಪಾಯಿಂಟ್’ ಎಂದು ಮೆಕ್ಯಾನಿಕರು ಕರೆಯುವ ಒಂದು ಜೊತೆ ಪುಟ್ಟ ಲೋಹದ ತುದಿಗಳದು. ಅವು ತೆರೆದಾಗ ನಡುವೆ ಉಳಿಯುವ ಸಂದು ಸುಮಾರು ೦.೪ ಮಿಲಿಮೀಟರು ಮಾತ್ರ. ನಾಲ್ಕು ಸಿಲಿಂಡರುಗಳ ಎಂಜಿನು ನಿಮಿಷಕ್ಕೆ ೩,೦೦೦ ಸಲ ಸುತ್ತುವಾಗ ಈ ತುದಿಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚಬೇಕು! ಬೆಂಗಳೂರಿನಿಂದ ಮೈಸೂರಿಗೆ ಹೋಗಿ ಸೇರುವಷ್ಟರಲ್ಲಿ ಹತ್ತು ಲಕ್ಷ ಸಲವಾದರೂ ಬಡಿದುಕೊಂಡ ಲೋಹ ಸವೆಯುವುದರಲ್ಲಿ ಆಶ್ಚರ್ಯವೇನು?

ಕಿಡಿಯ ದೋಷಗಳಲ್ಲಿ ಕೆಲವು ಬಿಸಿಯಾದಾಗ ತೋರಿ, ತಣಿದಾಗ ಮಾಯವಾಗುತ್ತವೆ. ಇವುಗಳಷ್ಟು ಜನರನ್ನು ದಿಕ್ಕುತಪ್ಪಿಸುವ ದೋಷ ಬೇರೊಂದಿಲ್ಲ. ತೀರ್ಥಹಳ್ಳಿಯ ಕಡೆಯ ಪರಿಚಿತರೊಬ್ಬರ ಮನೆಯಲ್ಲಿ ನಡೆದ ಸಂಗತಿಯನ್ನು ನಾವು ಇಲ್ಲಿ ಹೇಳಲೇಬೇಕು. ಅವರ ಮನೆಯಲ್ಲಿ ೧೯೮೬ರ ಅಂಬಾಸಿಡರ್ ಇತ್ತು. ವೃದ್ಧೆಯಾದ ತಾಯಿಯನ್ನು ಚಿಕಿತ್ಸೆಗಾಗಿ ತಿಂಗಳಿಗೊಮ್ಮೆ ಘಟ್ಟದ ಕೆಳಗೆ ಕರೆದೊಯ್ಯಬೇಕಾಗಿತ್ತು. ಇಳಿಯುವಾಗ ಏನೂ ತೊಂದರೆಯಿಲ್ಲ. ಮರಳಿ ಬರುವಾಗ ಮಾತ್ರ ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಎಂಟೋ ಒಂಬತ್ತೋ ಮುಗಿಯುವಷ್ಟರಲ್ಲಿ ಎಂಜಿನು ಕೆಮ್ಮಿ ನಿಂತುಬಿಡುವುದು. ಮಳೆಗಾಲದ ಸಂಜೆ, ಕಾರಿನೊಳಗೆ ರೋಗಿ, ಎದುರಿನಿಂದ ಬಸ್ಸು. ಊರಿನ ಮೆಕ್ಯಾನಿಕನ ತೀರ್ಮಾನ ‘ವೇಪರ್ ಲಾಕ್’ ಎಂಬುದಾಗಿತ್ತು. ಪೆಟ್ರೋಲ್ ಪಂಪಿನ ಮೇಲೆ ಒದ್ದೆಬಟ್ಟೆ ಹೊದಿಸಿ ಅರ್ಧ ಗಂಟೆ ಕಾದರೆ ಕಾರು ಹೊರಡುತ್ತಲೂ ಇತ್ತು.

ಆ ತೀರ್ಮಾನ ಅಸಂಬದ್ಧವೇನಲ್ಲ. ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಅದು ಹಲವು ಹೈಡ್ರೋಕಾರ್ಬನ್ನುಗಳ ಮಿಶ್ರಣ. ಅವುಗಳಲ್ಲಿ ಹಗುರವಾದವು ೪೦ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಆವಿಯಾಗತೊಡಗುತ್ತವೆ. ಎಂಜಿನಿಗೆ ಅಂಟಿಕೊಂಡಿರುವ ಪಂಪು ಟ್ಯಾಂಕಿನಿಂದ ಪೆಟ್ರೋಲನ್ನು ಹೀರುವಾಗ ನಳಿಗೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಮೆಯಾಗುತ್ತದೆ. ಒತ್ತಡ ಕಡಮೆಯಾದಲ್ಲಿ ಕುದಿತ ಇನ್ನೂ ಸುಲಭ. ಆವಿಯ ಗುಳ್ಳೆ ಪಂಪಿನೊಳಗೆ ಸೇರಿದರೆ, ಪಂಪು ಅದನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಇರುತ್ತದೆಯೇ ಹೊರತು ದ್ರವವನ್ನು ಮುಂದೆ ತಳ್ಳಲಾರದು. ಪಂಪನ್ನು ತಣಿಸಿದರೆ ಗುಳ್ಳೆ ಮತ್ತೆ ದ್ರವವಾಗುತ್ತದೆ.

ಪಂಪನ್ನು ಬದಲಾಯಿಸಿದರು. ನಳಿಗೆಗಳನ್ನು ಬದಲಾಯಿಸಿದರು. ಮುಂದಿನ ತಿಂಗಳು ಒಂಬತ್ತನೆಯ ತಿರುವಿನಲ್ಲಿ ಕಾರು ನಿಂತಿತು.

ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ಮಗಳು ಒಂದು ಪ್ರಶ್ನೆ ಕೇಳಿದಳು: ‘ಅಪ್ಪಯ್ಯ, ಬಟ್ಟೆ ಹಾಕದೆ ಸುಮ್ಮನೆ ಅರ್ಧ ಗಂಟೆ ಕೂತಿದ್ದರೂ ಹೊರಡುತ್ತಿತ್ತೋ ಏನೊ?’ ಈ ಪ್ರಶ್ನೆಯಲ್ಲಿ ಎಷ್ಟು ವಿಜ್ಞಾನವಿದೆ ಎಂಬುದನ್ನು ವಾಚಕರು ಗಮನಿಸಬೇಕು. ಅರ್ಧ ಗಂಟೆಯಲ್ಲಿ ಪಂಪಿನೊಡನೆ ಎಂಜಿನಿನ ಉಳಿದ ಭಾಗಗಳೂ ತಣಿದಿರುತ್ತವೆ. ಆದರೆ ಕೀರ್ತಿಯೆಲ್ಲ ಒದ್ದೆಬಟ್ಟೆಗೆ ಸಂದಿತ್ತು. ಎರಡು ಕಾರಣಗಳು ಒಂದೇ ಫಲವನ್ನು ತೋರಿಸುತ್ತಿದ್ದರೆ, ಒಂದು ಇದ್ದು ಇನ್ನೊಂದು ಇಲ್ಲದ ಸ್ಥಿತಿಯನ್ನು ಹುಡುಕಬೇಕು. ವೇಪರ್ ಲಾಕ್ ಆದಾಗ ಪೆಟ್ರೋಲು ಬಾರದಿದ್ದರೂ ಕಿಡಿ ಇದ್ದೇ ಇರುತ್ತದೆ. ಕಾಯಿಲು ಕೆಟ್ಟಾಗ ಪೆಟ್ರೋಲು ಇದ್ದು ಕಿಡಿ ಇರುವುದಿಲ್ಲ. ಮುಂದಿನ ಸಲ ಕಾರು ನಿಂತೊಡನೆ, ತಣಿಯಲು ಬಿಡದೆ, ಅವರು ಒಂದು ಹೆಚ್ಚಿನ ಸ್ಪಾರ್ಕ್ ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನಿಗೆ ತಾಗುವಂತೆ ಇಟ್ಟು, ಕೈ ದೂರವಿರಿಸಿ ಸ್ಟಾರ್ಟರನ್ನು ತಿರುಗಿಸಿ ನೋಡಿದರು. (ಪೆಟ್ರೋಲು ಚೆಲ್ಲಿರುವಲ್ಲಿ ಇದನ್ನು ಮಾಡಲೇಬಾರದು, ಆ ವೋಲ್ಟೇಜು ಕೈಗೆ ಕೊಡುವ ಪೆಟ್ಟೂ ಸಣ್ಣದಲ್ಲ.) ಕಿಡಿ ಬರಲಿಲ್ಲ. ಕಾಯಿಲಿನೊಳಗಿನ ತಂತಿ ಬಿಸಿಗೆ ಹಿಗ್ಗಿ ಎಲ್ಲಿಯೋ ಸಂಪರ್ಕ ಕಡಿದುಕೊಳ್ಳುತ್ತಿತ್ತು, ತಣಿದೊಡನೆ ಕೂಡಿಕೊಳ್ಳುತ್ತಿತ್ತು. ಹೊಸ ಕಾಯಿಲು ಹಾಕಿದ ಮೇಲೆ ಹದಿನಾಲ್ಕು ತಿರುವುಗಳೂ ಸಲೀಸಾದುವು. ಪಂಪಿಗೂ ನಳಿಗೆಗಳಿಗೂ ತೆತ್ತ ಹಣ ಹೋದದ್ದು ಹೋಯಿತು.

ಕಾಯಿಸುವ ವಿಷಯಕ್ಕೆ ಬಂದರೆ ರೇಡಿಯೇಟರನ್ನು ಮರೆಯುವಂತಿಲ್ಲ. ಪೆಟ್ರೋಲಿನ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರಗಳನ್ನು ತಿರುಗಿಸುತ್ತದೆ. ಉಳಿದುದು ಹೊಗೆಯೊಡನೆಯೂ ನೀರಿನ ಮೂಲಕವೂ ಹೊರಬೀಳಬೇಕು. ಘಟ್ಟ ಹತ್ತುವಾಗ ಎಂಜಿನಿನ ಶ್ರಮ ಹೆಚ್ಚು, ವೇಗ ಕಡಮೆ. ಆದಕಾರಣ ಎದುರುಗಾಳಿಯ ನೆರವೂ ಕಡಮೆ. ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗು ಇದ್ದು, ಅದು ಒಳಗಿನ ಒತ್ತಡವನ್ನು ಅರ್ಧ ವಾಯುಮಾನದಷ್ಟು ಏರಲು ಬಿಟ್ಟರೆ ನೀರು ೧೦೦ ಡಿಗ್ರಿಯ ಬದಲು ಸುಮಾರು ೧೧೨ ಡಿಗ್ರಿಯಲ್ಲಿ ಕುದಿಯುತ್ತದೆ. ಬಿಸಿಯಾಗಿರುವಾಗ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೆ ಇಳಿದು, ನೀರಿನ ಒಂದಂಶ ಕ್ಷಣಾರ್ಧದಲ್ಲಿ ಉಗಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದ ಕಾರುಗಳಲ್ಲಿ ಬೇರೊಂದು ಬಾಧೆಯಿದೆ. ಒಳಗೋಡೆಗಳ ಮೇಲೆ ಬಚ್ಚಲ ಹಂಡೆಯಲ್ಲಿ ಕಟ್ಟುವಂಥದೇ ಸುಣ್ಣದ ಹಕ್ಕಳೆ ಕಟ್ಟುತ್ತದೆ. ಎರಕದ ಕಬ್ಬಿಣಕ್ಕೆ ಹೋಲಿಸಿದರೆ ಅದರ ಉಷ್ಣವಾಹಕತೆ ತೀರ ಅಲ್ಪ. ಮಳೆನೀರನ್ನಾದರೂ ಹಿಡಿದು ತುಂಬುವುದು ಲೇಸು.

ಕಾರು ಹಾಗೆಯೇ ಇದ್ದರೂ ಪೆಟ್ರೋಲು ಬದಲಾಗಿದೆಯೆಂಬುದನ್ನು ಅನೇಕರು ಎಣಿಕೆಗೆ ತಂದುಕೊಳ್ಳುವುದಿಲ್ಲ. ಹಿಂದೆ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅದು ವಿಷ, ಮುಖ್ಯವಾಗಿ ಮಕ್ಕಳ ಮಿದುಳಿಗೆ ಹಾನಿಕರ. ೨೦೦೦ದಲ್ಲಿ ಭಾರತ ಅದನ್ನು ಕೈಬಿಟ್ಟುದು ಎಲ್ಲ ರೀತಿಯಿಂದಲೂ ಸರಿಯಾದ ಕಾರ್ಯ. ಆದರೆ ಆ ಸೀಸವೇ ಹಳೆಯ ಎಂಜಿನುಗಳಲ್ಲಿ ಹೊಗೆ ಬಿಡುವ ಕವಾಟದ ಅಂಚಿಗೆ ಒಂದು ತೆಳುವಾದ ರಕ್ಷೆಯೂ ಆಗಿತ್ತು. ಅದಿಲ್ಲದೆ ಕೆಂಪಗೆ ಕಾದ ಕವಾಟ ತನ್ನ ಆಸನವನ್ನು ಕಣಕಣವಾಗಿ ಕಿತ್ತು ತಿನ್ನುತ್ತದೆ. ಗಟ್ಟಿ ಉಕ್ಕಿನ ಆಸನಗಳನ್ನು ಕೂರಿಸುವುದೇ ಇದಕ್ಕೆ ಪರಿಹಾರ. ಇನ್ನು ೨೦೨೫ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡ ೨೦ರಷ್ಟು ಎಥನಾಲ್ ಬೆರೆಯಿತು. ಒಂದು ಕಿಲೋಗ್ರಾಂ ಪೆಟ್ರೋಲು ಉರಿಯಲು ೧೪.೭ ಕಿಲೋಗ್ರಾಂ ಗಾಳಿ ಬೇಕು. ಎಥನಾಲಿಗೆ ೯ ಸಾಕು. ಹೊಸ ಕಾರುಗಳು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ತಮ್ಮ ಮಿಶ್ರಣವನ್ನು ತಾವೇ ತಿದ್ದಿಕೊಳ್ಳುತ್ತವೆ. ಹಳೆಯ ಕಾರ್ಬುರೇಟರಿಗೆ ಇದೊಂದೂ ತಿಳಿಯದು. ಅದು ಹಿಂದಿನ ಅಳತೆಯಲ್ಲಿಯೇ ಬಡಿಸುತ್ತದೆ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನು ತಡವರಿಸುತ್ತದೆ, ಹೆಚ್ಚು ಕಾಯುತ್ತದೆ. ಹಳೆಯ ರಬ್ಬರಿನ ನಳಿಗೆಗಳು ಎಥನಾಲಿಗೆ ಉಬ್ಬಿ ಬಿರಿಯುವುದೂ ಉಂಟು. ಬಿಸಿ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಲ್ಲ ರಿಪೇರಿಗಳಿಗೂ ಮುಂಚೆ ಈ ನಳಿಗೆಗಳನ್ನು ಬದಲಾಯಿಸಬೇಕು.

ಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆಗಳು ಹಲವಿವೆ. ನೀಲಿ ಹೊಗೆ ಬಂದರೆ ಪಿಸ್ಟನ್ನಿನ ಉಂಗುರಗಳು ಸವೆದು ಕೀಲೆಣ್ಣೆ ಉರಿಯುತ್ತಿರಬಹುದು. ಎಂಜಿನು ಬಿಸಿಯಾದ ಮೇಲೂ ಬಿಳಿಯ ಹೊಗೆ ನಿಲ್ಲದಿದ್ದರೆ ಸಿಲಿಂಡರಿನೊಳಕ್ಕೆ ನೀರು ಸೋರುತ್ತಿರಬಹುದು. ಬಣ್ಣದ ಕೆಳಗೆ ತುಕ್ಕು ತಿಂದ ತಗಡಿಗೆ ಮೆತ್ತೆ ಹಚ್ಚಿದ್ದಾರೆಯೆ ಎಂದು ತಿಳಿಯಲು ಒಂದು ಪುಟ್ಟ ಅಯಸ್ಕಾಂತ ಸಾಕು. ಮೆತ್ತೆಯ ಮೇಲೆ ಅದು ಅಂಟದು. ಮಾರುವವರ ಮುಖ ಪೆಚ್ಚಾಗುವುದನ್ನು ನೋಡುವುದಕ್ಕಾದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬಹುದು.

ನಿಲ್ಲುವ ಕಾರು ತೊಂದರೆಗೀಡುಮಾಡುತ್ತದೆ. ನಿಲ್ಲದ ಕಾರು ಪ್ರಾಣಕ್ಕೆ ಎರವಾಗುತ್ತದೆ. ಜನರನ್ನೂ ಸೇರಿಸಿ ೧,೪೦೦ ಕಿಲೋಗ್ರಾಂ ತೂಗುವ ಕಾರು ೫೦೦ ಮೀಟರು ಕೆಳಗಿಳಿಯುವಾಗ ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು ೬೯ ಲಕ್ಷ ಜೌಲುಗಳು. ಇಷ್ಟು ಶಕ್ತಿ ೨೦ ಲೀಟರು ತಣ್ಣೀರನ್ನು ಕುದಿಯುವಷ್ಟು ಕಾಯಿಸಬಲ್ಲದು. ಚಾಲಕನು ಬ್ರೇಕನ್ನೇ ನಂಬಿ ಇಳಿದರೆ ಈ ಶಾಖವೆಲ್ಲ ಡ್ರಮ್ಮುಗಳಲ್ಲಿ ಹುಟ್ಟಬೇಕು. ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಒಳಮೈಯ ಘರ್ಷಣೆಯೂ ಇಳಿಯುತ್ತದೆ. ಇದಕ್ಕಿಂತ ಗುಪ್ತವಾದ ಅಪಾಯ ಬ್ರೇಕಿನ ಎಣ್ಣೆಯಲ್ಲಿದೆ. ಈ ದ್ರವ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು. ಸಾಮಾನ್ಯವಾದ ‘ಡಾಟ್ ೩’ ಬಗೆಯದು ಹೊಸದಾಗಿದ್ದಾಗ ೨೦೫ ಡಿಗ್ರಿಯವರೆಗೂ ಕುದಿಯಬಾರದು, ಶೇಕಡ ೩.೭ರಷ್ಟು ನೀರು ಸೇರಿದ ಮೇಲೆ ಆ ಮಿತಿ ೧೪೦ ಡಿಗ್ರಿಗೆ ಇಳಿಯುತ್ತದೆ. ಕುದಿದೊಡನೆ ಆವಿ ಹುಟ್ಟುತ್ತದೆ. ದ್ರವದಂತಲ್ಲದೆ ಆವಿ ಅದುಮಿದರೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ತಾಗಿದರೂ ಚಕ್ರಕ್ಕೆ ಸುದ್ದಿ ಮುಟ್ಟದು.

ಹತ್ತುವಾಗ ಯಾವ ಗೇರು ಬೇಕಾಗುವುದೋ ಇಳಿಯುವಾಗಲೂ ಅದೇ ಗೇರು ಎಂಬುದು ಘಟ್ಟದ ಹಳೆಯ ಚಾಲಕರ ಪಾಠ. ಕೆಳಗಿನ ಗೇರಿನಲ್ಲಿ ಚಕ್ರಗಳೇ ಎಂಜಿನನ್ನು ತಿರುಗಿಸಬೇಕಾಗಿ, ಶಾಖದ ಬಹುಭಾಗ ರೇಡಿಯೇಟರಿನ ಪಾಲಿಗೆ ಬರುತ್ತದೆ. ಪೆಟ್ರೋಲು ಉಳಿಸಲೆಂದು ಎಂಜಿನನ್ನು ಆರಿಸಿ ನ್ಯೂಟ್ರಲಿನಲ್ಲಿ ಜಾರುವವರನ್ನು ನಾವು ಕಂಡಿದ್ದೇವೆ. ಅವರ ಉಳಿತಾಯ ಕೆಲವು ಚಮಚೆಗಳಷ್ಟು. ತೀರ್ಥಹಳ್ಳಿಯ ಆ ಅಂಬಾಸಿಡರಿನ ಬ್ರೇಕ್ ಎಣ್ಣೆಯನ್ನು ಅನಂತರ ಹೊರಗೆ ತೆಗೆದಾಗ ಅದು ಕಾಫಿಯ ಬಣ್ಣಕ್ಕೆ ತಿರುಗಿತ್ತಂತೆ. ಅದನ್ನು ಹಿಂದೆ ಯಾವಾಗ ಬದಲಾಯಿಸಿತ್ತೆಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅಷ್ಟು ತಿಂಗಳೂ ಅವರು ಹೆದರಿದ್ದುದು ಹತ್ತುವ ದಾರಿಗೆ.